ಒಂದೇ ‘ಇಂಗ್’, ನಾಲ್ಕು ಕೆಲಸ: ಜೆರಂಡ್, ಪಾರ್ಟಿಸಿಪಲ್, ಇನ್ಫಿನಿಟಿವ್‌ಗಳನ್ನು ಕನ್ನಡದಿಂದಲೇ ಅರ್ಥಮಾಡಿಕೊಳ್ಳೋಣ

ನಾಲ್ಕು ಸಣ್ಣ ಇಂಗ್ಲಿಷ್ ವಾಕ್ಯಗಳನ್ನು ನೋಡಿ.

‘ರನ್ನಿಂಗ್ ಈಸ್ ಹಾರ್ಡ್.’
‘ಲುಕ್ ಆ್ಯಟ್ ದ ಬಾಯ್ ರನ್ನಿಂಗ್ ಓವರ್ ದೇರ್.’
‘ಶಿ ಕೇಮ್ ರನ್ನಿಂಗ್.’
‘ಶಿ ಈಸ್ ರನ್ನಿಂಗ್.’

ನಾಲ್ಕರಲ್ಲೂ ಇರುವುದು ಒಂದೇ ಪದ, ‘ರನ್ನಿಂಗ್’. ಈಗ ಇವನ್ನೇ ಕನ್ನಡದಲ್ಲಿ ಹೇಳಿ. ಓಡುವುದು ಕಷ್ಟ. ಅಲ್ಲಿ ಓಡುತ್ತಿರುವ ಹುಡುಗನನ್ನು ನೋಡು. ಅವಳು ಓಡುತ್ತಾ ಬಂದಳು. ಅವಳು ಓಡುತ್ತಿದ್ದಾಳೆ. ಕನ್ನಡದಲ್ಲಿ ನಾಲ್ಕು ಬೇರೆ ಬೇರೆ ರೂಪ ಬಂತು, ಅಲ್ವಾ?

ಜೆರಂಡ್, ಪಾರ್ಟಿಸಿಪಲ್, ಇನ್ಫಿನಿಟಿವ್ ಅಂದಾಗ ನಮ್ಮಲ್ಲಿ ಎಷ್ಟೋ ಜನಕ್ಕೆ ತಲೆ ಗೊಂದಲವಾಗುತ್ತದೆ. ಅದಕ್ಕೆ ದೊಡ್ಡ ಕಾರಣ ಇದೇ. ಇಂಗ್ಲಿಷ್ ಒಂದೇ ರೂಪಕ್ಕೆ ಹಲವು ಕೆಲಸ ಹಚ್ಚುತ್ತದೆ. ಕನ್ನಡ ಒಂದೊಂದು ಕೆಲಸಕ್ಕೂ ಒಂದೊಂದು ರೂಪ ಇಟ್ಟುಕೊಂಡಿದೆ. ಅಂದರೆ ಈ ವ್ಯತ್ಯಾಸಗಳು ಕನ್ನಡ ಮಾತಾಡುವವರಿಗೆ ಹೊಸದಲ್ಲ. ದಿನಕ್ಕೆ ನೂರು ಸಲ ಯೋಚನೆಯನ್ನೇ ಮಾಡದೆ ಅವನ್ನು ಸರಿಯಾಗಿ ಬಳಸುತ್ತೇವೆ. ನಾನು ಶಾಲೆಯಲ್ಲಿ ಈ ಮೂರರ ಡೆಫಿನಿಷನ್‌ಗಳನ್ನು ಬಾಯಿಪಾಠ ಮಾಡಿದ್ದೆ, ಪರೀಕ್ಷೆಯಲ್ಲಿ ಬರೆದೂ ಇದ್ದೆ. ಆದರೆ ವಿಷಯ ನಿಜವಾಗಿ ತಿಳಿದದ್ದು ಎಷ್ಟೋ ವರ್ಷಗಳ ನಂತರ, ಇಂಗ್ಲಿಷ್ ವಾಕ್ಯದ ಪಕ್ಕದಲ್ಲಿ ಕನ್ನಡ ವಾಕ್ಯ ಬರೆದು ನೋಡಿದಾಗ. ಇಲ್ಲಿ ಮಾಡಲು ಹೊರಟಿರುವುದೂ ಅದನ್ನೇ. ಕನ್ನಡ ಎಲ್ಲಿ ದಾರಿ ತೋರಿಸುತ್ತದೆ, ಎಲ್ಲಿ ದಾರಿ ತಪ್ಪಿಸುತ್ತದೆ, ಎರಡನ್ನೂ ನೋಡೋಣ.

ಮೂರಕ್ಕೂ ಇರುವ ಒಂದು ಗುಣ

‘ಹಿ ವಾಂಟ್ಸ್ ಟು ಗೋ’, ‘ದೇ ವಾಂಟೆಡ್ ಟು ಗೋ’. ಮೊದಲನೆಯದರಲ್ಲಿ ಒಬ್ಬ, ಎರಡನೆಯದರಲ್ಲಿ ಹಲವರು. ಮೊದಲನೆಯದು ಈಗಿನ ಮಾತು, ಎರಡನೆಯದು ಹಿಂದಿನದು. ‘ವಾಂಟ್’ ಎರಡು ಕಡೆಯೂ ಬೇರೆ ವೇಷ ಹಾಕಿಕೊಂಡಿದೆ. ‘ಟು ಗೋ’ ಮಾತ್ರ ಹಾಗೇ ಇದೆ. ಕನ್ನಡದಲ್ಲೂ ಹೀಗೇ. ‘ಹೋಗಲು ಬಯಸುತ್ತಾನೆ’, ‘ಹೋಗಲು ಬಯಸಿದರು’. ‘ಹೋಗಲು’ ಅಲ್ಲಾಡಲಿಲ್ಲ.

ಕಾಲ, ಲಿಂಗ, ವಚನಗಳಿಗೆ ತಕ್ಕಂತೆ ಬದಲಾಗುವ ಕ್ರಿಯಾಪದ ವಾಕ್ಯವನ್ನು ಮುಗಿಸುತ್ತದೆ. ಬದಲಾಗದ ರೂಪ ಮುಗಿಸಲಾರದು. ಸುಮ್ನೆ ‘ಅವಳು ಪುಸ್ತಕವನ್ನು ಓದಲು’ ಎಂದು ನಿಲ್ಲಿಸಿ ನೋಡಿ. ಕೇಳುವವರು ‘ಹೂಂ, ಓದಲು ಏನು?’ ಎಂದು ಕಾಯುತ್ತಾರೆ. ಜೆರಂಡ್, ಪಾರ್ಟಿಸಿಪಲ್, ಇನ್ಫಿನಿಟಿವ್ ಮೂರೂ ಈ ಮುಗಿಸದ ಗುಂಪಿಗೆ ಸೇರಿದವು. ಇನ್ಫಿನಿಟಿವ್ ಎಂಬ ಹೆಸರೇ ಅದನ್ನು ಹೇಳುತ್ತದೆ. ಮಿತಿ ಇಲ್ಲದ್ದು ಎಂಬ ಅರ್ಥದ ಲ್ಯಾಟಿನ್ ಪದದಿಂದ ಅದು ಬಂದಿದೆ. ಯಾರು, ಎಷ್ಟು ಜನ ಎಂಬ ಕಟ್ಟು ಅದಕ್ಕಿಲ್ಲ.

ಆದರೆ ಇವು ಕ್ರಿಯೆಯ ಸ್ವಭಾವವನ್ನು ಪೂರ್ತಿ ಬಿಟ್ಟುಕೊಟ್ಟಿಲ್ಲ. ಈ ಇಬ್ಬಗೆಯ ಸ್ವಭಾವ ಅರ್ಥವಾದರೆ ಅರ್ಧ ವಿಷಯ ಅರ್ಥವಾದಂತೆ. ‘ಓದುವುದು’ ನಾಮಪದದ ಹಾಗೆ ವಾಕ್ಯದಲ್ಲಿ ಕೂರುತ್ತದೆ, ನಿಜ. ಹಾಗಿದ್ದೂ ‘ಪುಸ್ತಕವನ್ನು ಓದುವುದು’, ‘ನಿಧಾನವಾಗಿ ಓದುವುದು’ ಎನ್ನುತ್ತೇವೆ. ಏನನ್ನು, ಹೇಗೆ ಎಂಬ ಪ್ರಶ್ನೆಗಳಿಗೆ ಅದು ಇನ್ನೂ ಉತ್ತರ ಬೇಡುತ್ತದೆ. ಅದು ಕ್ರಿಯೆಯ ಹಸಿವು.

ನಮ್ಮ ಕನ್ನಡ ವ್ಯಾಕರಣದ ಪಾಠದಲ್ಲಿ ಕೃದಂತ ಎಂಬ ಮಾತು ಬಂದದ್ದು ನೆನಪಿರಬಹುದು. ಧಾತುವಿಗೆ ಪ್ರತ್ಯಯ ಸೇರಿ ‘ಓದುವ’, ‘ಓದಿದ’ ಆದರೆ ಕೃದಂತನಾಮ. ‘ಓದುವಿಕೆ’, ‘ಓಟ’, ‘ನೋಟ’ ಆದರೆ ಭಾವನಾಮ. ‘ಓದುತ್ತ’, ‘ಓದಿ’, ‘ಓದದೆ’, ‘ಓದಲು’ ಆದರೆ ಕೃದಂತಾವ್ಯಯ. ಇಂಗ್ಲಿಷ್ ಕ್ಲಾಸಿನಲ್ಲಿ ಬೇರೆ ಹೆಸರಿನಲ್ಲಿ ಕಲಿಯುವುದು ಹೆಚ್ಚುಕಡಿಮೆ ಇದೇ ಕುಟುಂಬವನ್ನು. ಎರಡು ಪಾಠಗಳನ್ನು ಪಕ್ಕಪಕ್ಕ ಇಟ್ಟು ತೋರಿಸಿದರೆ ಮಕ್ಕಳಿಗೆ ಎಷ್ಟು ಸುಲಭವಾಗುತ್ತದೆ!

ಜೆರಂಡ್ ಅಂದರೆ ‘-ವುದು’

ಇಂಗ್ಲಿಷ್‌ನ ‘ಇಂಗ್’ ರೂಪ ನಾಮಪದದ ಜಾಗದಲ್ಲಿ ಕೂತರೆ ಅದು ಜೆರಂಡ್. ಕನ್ನಡಕ್ಕೆ ತಂದಾಗ ‘-ವುದು’ ಬಂದರೆ ಬಹುಪಾಲು ಜೆರಂಡೇ. ‘ಸ್ವಿಮಿಂಗ್ ಈಸ್ ಈಸಿ’, ಈಜುವುದು ಸುಲಭ. ‘ಐ ಎಂಜಾಯ್ ಸ್ವಿಮಿಂಗ್’, ಈಜುವುದೆಂದರೆ ನನಗೆ ಖುಷಿ.

ಇಲ್ಲಿ ಒಂದು ಸೂಕ್ಷ್ಮ ಇದೆ. ನನಗೆ ತುಂಬಾ ಇಷ್ಟವಾದದ್ದು ಇದು. ‘ರೀಡಿಂಗ್ ಬುಕ್ಸ್’ ಮತ್ತು ‘ದ ರೀಡಿಂಗ್ ಆಫ್ ಬುಕ್ಸ್’ ಎರಡೂ ಸರಿ. ಮೊದಲನೆಯದರಲ್ಲಿ ‘ಆಫ್’ ಇಲ್ಲ, ಎರಡನೆಯದರಲ್ಲಿ ಇದೆ. ಯಾಕೆ? ಕನ್ನಡದಲ್ಲಿ ಹೇಳಿ ನೋಡಿ. ‘ಪುಸ್ತಕಗಳನ್ನು ಓದುವುದು’, ‘ಪುಸ್ತಕಗಳ ಓದು’. ‘ಓದುವುದು’ ಎಂದಾಗ ‘ಅನ್ನು’ ಬಂತು, ‘ಓದು’ ಎಂದಾಗ ‘ಅ’ ಬಂತು. ‘ಓದುವುದು’ ಇನ್ನೂ ಕ್ರಿಯೆಯ ಹಸಿವು ಇರುವ ಪದ. ‘ಓದು’ ಪೂರ್ತಿ ನಾಮಪದವಾಗಿಬಿಟ್ಟಿದೆ. ಅದರ ಹಿಂದೆ ಬರುವ ಬಣ್ಣನೆಯೂ ಬದಲಾಗುತ್ತದೆ. ‘ವೇಗವಾಗಿ ಓದುವುದು’ ಎನ್ನುತ್ತೇವೆ, ‘ವೇಗದ ಓದು’ ಎನ್ನುತ್ತೇವೆ. ಇಂಗ್ಲಿಷ್‌ನಲ್ಲೂ ಹಾಗೆಯೇ, ‘ರೀಡಿಂಗ್ ದ ಲೆಟರ್ ಕ್ವಿಕ್ಲಿ’, ‘ದ ಕ್ವಿಕ್ ರೀಡಿಂಗ್ ಆಫ್ ದ ಲೆಟರ್’. ಇಂಗ್ಲಿಷ್‌ನಲ್ಲಿ ಎರಡಕ್ಕೂ ‘ರೀಡಿಂಗ್’ ಒಂದೇ ಆದ್ದರಿಂದ ಈ ಗೆರೆ ಕಣ್ಣಿಗೆ ಬೀಳುವುದಿಲ್ಲ.

ಪ್ರಿಪೊಸಿಷನ್ ಆದ ಮೇಲೆ ಕ್ರಿಯೆ ಬಂದರೆ ಅದು ‘ಇಂಗ್’ ರೂಪದಲ್ಲೇ ಬರಬೇಕು. ಇದು ಹೆಚ್ಚು ಅಪವಾದ ಇಲ್ಲದ, ನಂಬಬಹುದಾದ ನಿಯಮ. ಕನ್ನಡದವರು ಇದನ್ನು ವಿಭಕ್ತಿಯ ಮೂಲಕ ಯೋಚಿಸಬಹುದು. ‘ಓದುವುದರಿಂದ’, ‘ಓದುವುದರಲ್ಲಿ’, ‘ಓದುವುದರ ಬಗ್ಗೆ’. ವಿಭಕ್ತಿ ಅಂಟಬೇಕಾದರೆ ಮೊದಲು ‘ಓದುವುದು’ ಎಂಬ ನಾಮರೂಪ ಬೇಕು. ‘ಗುಡ್ ಆ್ಯಟ್ ಡ್ರಾಯಿಂಗ್’, ಚಿತ್ರ ಬಿಡಿಸುವುದರಲ್ಲಿ ಜಾಣೆ. ‘ಥಿಂಕಿಂಗ್ ಅಬೌಟ್ ಲೀವಿಂಗ್’, ಹೊರಡುವುದರ ಬಗ್ಗೆ ಯೋಚನೆ.

ಆದರೆ ಕೆಲವು ಕಡೆ ಕನ್ನಡ ಬೇರೆ ದಾರಿ ಹಿಡಿಯುತ್ತದೆ. ‘ವಿದೌಟ್ ಆಸ್ಕಿಂಗ್’ ಎಂಬ ಎರಡು ಪದಕ್ಕೆ ನಮ್ಮಲ್ಲಿ ‘ಕೇಳದೆ’ ಎಂಬ ಒಂದೇ ಪದ ಸಾಕು. ‘ಬಿಫೋರ್ ಲೀವಿಂಗ್’ ಅಂದರೆ ‘ಹೊರಡುವ ಮೊದಲು’. ‘-ವುದು’ ಬರಲಿಲ್ಲ ಅಂತ ಇವು ಜೆರಂಡ್ ಅಲ್ಲ ಎನ್ನಬೇಡಿ. ಹಿಂದೆ ಪ್ರಿಪೊಸಿಷನ್ ಇದೆಯಾ ನೋಡಿ, ಸಾಕು.

ಯಾರ ಕ್ರಿಯೆ ಎಂದು ಹೇಳಬೇಕಾದಾಗ ಇನ್ನೊಂದು ಗೊಂದಲ. ‘ಅವನು ತಡವಾಗಿ ಬರುವುದು ನನಗೆ ಇಷ್ಟವಿಲ್ಲ’ ಎಂಬಲ್ಲಿ ನಾವು ‘ಅವನು’ ಎನ್ನುತ್ತೇವೆ. ಇಂಗ್ಲಿಷ್‌ನಲ್ಲಿ ‘ಹಿ ಕಮಿಂಗ್ ಲೇಟ್’ ನಡೆಯುವುದಿಲ್ಲ. ಗಂಭೀರ ಬರವಣಿಗೆಯಲ್ಲಿ ‘ಹಿಸ್ ಕಮಿಂಗ್ ಲೇಟ್’, ಮಾತಿನಲ್ಲಿ ‘ಹಿಮ್ ಕಮಿಂಗ್ ಲೇಟ್’. ಎರಡೂ ಚಾಲ್ತಿಯಲ್ಲಿವೆ.

ಎರಡು ಬಗೆಯ ‘ಟು’

ಪತ್ರದ ಕೊನೆಯಲ್ಲಿ ‘ಐ ಆ್ಯಮ್ ಲುಕಿಂಗ್ ಫಾರ್ವರ್ಡ್ ಟು ಮೀಟ್ ಯು’ ಎಂದು ಬರೆಯುವವರು ಬಹಳ. ‘ಟು’ ಕಂಡ ಕೂಡಲೇ ಮುಂದೆ ಕ್ರಿಯೆಯ ಮೂಲರೂಪ ಬರಬೇಕು ಎಂದು ಕೈ ತಾನಾಗಿ ಬರೆದುಬಿಡುತ್ತದೆ. ಸರಿಯಾದದ್ದು ‘ಟು ಮೀಟಿಂಗ್ ಯು’. ಈ ‘ಟು’ ಇನ್ಫಿನಿಟಿವ್‌ಗೆ ಸೇರಿದ್ದಲ್ಲ, ಅದು ಪ್ರಿಪೊಸಿಷನ್.

ಹೇಗೆ ಗುರುತಿಸುವುದು? ‘ಟು’ ಆದ ಮೇಲೆ ‘ಇಟ್’ ಎಂಬ ಪದ ಇಟ್ಟು ನೋಡಿ. ‘ಲುಕಿಂಗ್ ಫಾರ್ವರ್ಡ್ ಟು ಇಟ್’ ಚೆನ್ನಾಗಿ ಕೂರುತ್ತದೆ. ಹಾಗಾದರೆ ಪ್ರಿಪೊಸಿಷನ್, ‘ಇಂಗ್’ ಬರಲಿ. ‘ಐ ವಾಂಟ್ ಟು ಇಟ್’ ಕೂರುವುದೇ ಇಲ್ಲ. ಹಾಗಾದರೆ ಅದು ಇನ್ಫಿನಿಟಿವ್‌ನ ‘ಟು’.

‘ಯೂಸ್ಡ್ ಟು’ ಎಂಬುದರಲ್ಲಿ ಇವೆರಡೂ ಎದುರುಬದುರು ನಿಲ್ಲುತ್ತವೆ. ‘ಐ ಯೂಸ್ಡ್ ಟು ವೇಕ್ ಅಪ್ ಅರ್ಲಿ’ ಅಂದರೆ ಮೊದಲೆಲ್ಲ ಬೇಗ ಏಳುತ್ತಿದ್ದೆ, ಈಗ ಏಳುವುದಿಲ್ಲ. ‘ಐ ಆ್ಯಮ್ ಯೂಸ್ಡ್ ಟು ವೇಕಿಂಗ್ ಅಪ್ ಅರ್ಲಿ’ ಅಂದರೆ ಬೇಗ ಏಳುವುದು ನನಗೆ ಅಭ್ಯಾಸವಾಗಿದೆ. ಒಂದು ಸಣ್ಣ ‘ಆ್ಯಮ್’, ಒಂದು ‘ಇಂಗ್’. ಅರ್ಥ ತಲೆಕೆಳಗಾಯಿತು.

ಪಾರ್ಟಿಸಿಪಲ್: ಎರಡು ಕಡೆ ಪಾಲು ಇರುವ ಪದ

ಪಾರ್ಟಿಸಿಪಲ್ ಎಂಬ ಹೆಸರಿನ ಬೇರು ಲ್ಯಾಟಿನ್‌ನಲ್ಲಿ ‘ಪಾಲುದಾರ’ ಎಂಬ ಅರ್ಥದ ಪದ. ಕ್ರಿಯೆಯಲ್ಲೂ ಅದಕ್ಕೆ ಪಾಲುಂಟು, ವಿಶೇಷಣದಲ್ಲೂ ಪಾಲುಂಟು. ಒಳ್ಳೆಯ ಹೆಸರು. ಕನ್ನಡದಲ್ಲಿ ‘ಓದುವ’, ‘ಓದುತ್ತಿರುವ’, ‘ಓದಿದ’ ಎಂದು ನಾಮಪದದ ಮುಂದೆ ನಿಲ್ಲುವ ರೂಪಗಳೂ, ‘ಓದುತ್ತಾ’, ‘ಓದಿ’ ಎಂದು ಇನ್ನೊಂದು ಕ್ರಿಯೆಗೆ ಜೋತುಬೀಳುವ ರೂಪಗಳೂ ಇಂಗ್ಲಿಷ್‌ನ ಪಾರ್ಟಿಸಿಪಲ್ ಕೆಲಸ ಮಾಡುತ್ತವೆ.

ಇಂಗ್ಲಿಷ್‌ನಲ್ಲಿ ಇದು ಎರಡು ಬಗೆ. ‘ಇಂಗ್’ ಇರುವುದು ಪ್ರೆಸೆಂಟ್ ಪಾರ್ಟಿಸಿಪಲ್. ‘ಬ್ರೋಕನ್’, ‘ಲಾಕ್ಡ್’, ‘ರಿಟನ್’ ಥರದವು ಪಾಸ್ಟ್ ಪಾರ್ಟಿಸಿಪಲ್. ಹೆಸರು ಕೇಳಿ ಇವು ಈಗಿನ ಕಾಲ, ಹಿಂದಿನ ಕಾಲ ಎಂದುಕೊಂಡರೆ ತೊಂದರೆ. ‘ದ ಡೋರ್ ವಿಲ್ ಬಿ ಲಾಕ್ಡ್ ಟುಮಾರೋ’ ಎಂಬುದು ನಾಳೆಯ ಮಾತು, ಆದರೂ ‘ಲಾಕ್ಡ್’ ಪಾಸ್ಟ್ ಪಾರ್ಟಿಸಿಪಲ್. ನಾಮಪದಕ್ಕೆ ಬಣ್ಣ ಕಟ್ಟುವಾಗ ನೋಡಬೇಕಾದದ್ದು ಬೇರೆ. ಆ ನಾಮಪದ ಕೆಲಸ ಮಾಡುತ್ತಿದೆಯಾ, ಅಥವಾ ಕೆಲಸ ಅದರ ಮೇಲೆ ನಡೆದಿದೆಯಾ?

ಇಲ್ಲಿ ಕನ್ನಡ ನಮ್ಮನ್ನು ದಾರಿ ತಪ್ಪಿಸುತ್ತದೆ. ಯಾಕೆ ಅಂತ ನಿಧಾನವಾಗಿ ನೋಡೋಣ.

‘ಹುಡುಗ ಒಡೆದ ಗಾಜು.’ ‘ಗಾಜು ಒಡೆದ ಹುಡುಗ.’ ಎರಡರಲ್ಲೂ ‘ಒಡೆದ’ ಒಂದೇ. ಮೊದಲನೆಯದರಲ್ಲಿ ಗಾಜು ಒಡೆಸಿಕೊಂಡಿತು, ಎರಡನೆಯದರಲ್ಲಿ ಹುಡುಗ ಒಡೆದ. ಕನ್ನಡ ಇಷ್ಟಕ್ಕೇ ನಿಲ್ಲುವುದಿಲ್ಲ. ‘ನಾನು ಓದಿದ ಪುಸ್ತಕ’, ‘ಪುಸ್ತಕ ಓದಿದ ಹುಡುಗಿ’, ‘ನಾನು ಓದಿದ ಕೋಣೆ’, ‘ನಾನು ಓದಿದ ದಿನ’. ‘ಓದಿದ’ ಎಂಬ ಒಂದು ರೂಪ ಎಲ್ಲದಕ್ಕೂ ಹೊಂದಿಕೊಳ್ಳುತ್ತದೆ. ಯಾವ ಸಂಬಂಧ ಎಂಬುದನ್ನು ಕೇಳುವವರೇ ಅರ್ಥಮಾಡಿಕೊಳ್ಳುತ್ತಾರೆ. ಕನ್ನಡದ ಈ ಶಕ್ತಿ ದೊಡ್ಡದು.

ಇಂಗ್ಲಿಷ್‌ಗೆ ಈ ಸಡಿಲ ಇಲ್ಲ. ‘ದ ಬ್ರೋಕನ್ ಗ್ಲಾಸ್’ ಸರಿ. ‘ದ ಬ್ರೋಕನ್ ಬಾಯ್’ ಅಂದರೆ ಹುಡುಗನೇ ಮುರಿದುಹೋಗಿದ್ದಾನೆ ಎಂದಾಗುತ್ತದೆ. ಅಲ್ಲಿ ‘ದ ಬಾಯ್ ಹೂ ಬ್ರೋಕ್ ದ ಗ್ಲಾಸ್’ ಎಂದು ಬಿಡಿಸಿ ಹೇಳಲೇಬೇಕು. ಕೋಣೆಗೆ ‘ವೇರ್’ ಬೇಕು, ದಿನಕ್ಕೆ ‘ವೆನ್’ ಬೇಕು. ಪಾಸ್ಟ್ ಪಾರ್ಟಿಸಿಪಲ್ ಬಳಸುವಾಗ ಆ ನಾಮಪದವೇ ಕ್ರಿಯೆಗೆ ಒಳಗಾಗಿರಬೇಕು. ‘ಫಾಲನ್ ಲೀವ್ಸ್’, ‘ಎಸ್ಕೇಪ್ಡ್ ಪ್ರಿಸನರ್’ ಥರ ಕೆಲವು ಇದರಿಂದ ಹೊರಗೆ ನಿಲ್ಲುತ್ತವೆ. ಎಲೆ ತಾನೇ ಉದುರಿತು, ಕೈದಿ ತಾನೇ ತಪ್ಪಿಸಿಕೊಂಡ. ಇಂಥವು ಕಡಿಮೆ. ಇವುಗಳಲ್ಲಿ ‘ಏನನ್ನು’ ಎಂಬ ಪ್ರಶ್ನೆಗೆ ಜಾಗ ಇರುವುದಿಲ್ಲ, ಕ್ರಿಯೆ ಮುಗಿದಿರುತ್ತದೆ.

ಇದೇ ಬೇರಿನಿಂದ ಹುಟ್ಟುವ ಇನ್ನೊಂದು ತಪ್ಪು ‘ಐ ಆ್ಯಮ್ ಬೋರಿಂಗ್’. ಹೇಳಬೇಕೆಂದಿದ್ದು ‘ನನಗೆ ಬೇಜಾರಾಗಿದೆ’. ಹೇಳಿದ್ದು ‘ನಾನು ಬೇಜಾರು ಹಿಡಿಸುವ ಮನುಷ್ಯ’. ಕನ್ನಡದಲ್ಲಿ ಬೇಜಾರು, ಖುಷಿ, ಆಶ್ಚರ್ಯ ಎಲ್ಲವೂ ‘ನನಗೆ’ ಆಗುತ್ತವೆ. ಆ ‘ಗೆ’ ಇರುವುದರಿಂದ ಕ್ರಿಯೆಯ ರೂಪದಲ್ಲಿ ಏನೂ ತೋರಿಸಬೇಕಿಲ್ಲ. ಇಂಗ್ಲಿಷ್‌ನಲ್ಲಿ ಆ ಕೆಲಸ ಪಾರ್ಟಿಸಿಪಲ್ ಮೇಲೆ ಬಿದ್ದಿದೆ. ಭಾವನೆಯನ್ನು ಕೊಡುವುದಕ್ಕೆ ‘ಇಂಗ್’, ಪಡೆಯುವವರಿಗೆ ‘ಎಡ್’. ಪಾಠ ‘ಕನ್ಫ್ಯೂಸಿಂಗ್’, ಓದುವವರು ‘ಕನ್ಫ್ಯೂಸ್ಡ್’. ಕತೆ ‘ಇಂಟರೆಸ್ಟಿಂಗ್’, ಕೇಳುವವರು ‘ಇಂಟರೆಸ್ಟೆಡ್’.

‘ಸ್ಲೀಪಿಂಗ್ ಚೈಲ್ಡ್’ ಮತ್ತು ‘ಸ್ಲೀಪಿಂಗ್ ಬ್ಯಾಗ್’ ನೋಡಿ. ಮಗು ನಿದ್ದೆ ಮಾಡುತ್ತಿದೆ, ಆದ್ದರಿಂದ ಮೊದಲನೆಯದು ಪಾರ್ಟಿಸಿಪಲ್. ಬ್ಯಾಗ್ ನಿದ್ದೆ ಮಾಡುವುದಿಲ್ಲ. ಅದು ಮಲಗುವುದಕ್ಕೋಸ್ಕರ ಇರುವ ಬ್ಯಾಗ್, ಆದ್ದರಿಂದ ಜೆರಂಡ್. ಇಲ್ಲಿ ‘ಕನ್ನಡಕ್ಕೆ ತಂದು ನೋಡು’ ಎಂಬ ಉಪಾಯ ನೇರವಾಗಿ ಕೆಲಸ ಮಾಡುವುದಿಲ್ಲ. ನಾವು ‘ಹರಿಯುವ ನೀರು’ ಅಂತಲೂ ಎನ್ನುತ್ತೇವೆ, ‘ಕುಡಿಯುವ ನೀರು’ ಅಂತಲೂ ಎನ್ನುತ್ತೇವೆ. ನೀರು ಹರಿಯುತ್ತದೆ, ಆದರೆ ನೀರು ಕುಡಿಯುವುದಿಲ್ಲ. ಹಾಗಾಗಿ ಇಂಥ ಕಡೆ ‘ಓಸ್ಕರ’ ಸೇರಿಸಿ ಕೇಳಿಕೊಳ್ಳಿ. ಕುಡಿಯುವುದಕ್ಕೋಸ್ಕರ ನೀರು, ಸರಿ. ‘ಡ್ರಿಂಕಿಂಗ್ ವಾಟರ್’ ಜೆರಂಡ್. ಹರಿಯುವುದಕ್ಕೋಸ್ಕರ ನೀರು, ಸರಿಹೋಗಲಿಲ್ಲ. ‘ರನ್ನಿಂಗ್ ವಾಟರ್’ ಪಾರ್ಟಿಸಿಪಲ್. ಇಂಗ್ಲಿಷ್ ಮಾತಾಡುವಾಗ ದನಿಯಲ್ಲೂ ವ್ಯತ್ಯಾಸ ಇರುತ್ತದೆ. ‘ಸ್ಲೀಪಿಂಗ್ ಬ್ಯಾಗ್’ನಲ್ಲಿ ಒತ್ತು ‘ಸ್ಲೀ’ ಮೇಲೆ ಬೀಳುತ್ತದೆ. ‘ಸ್ಲೀಪಿಂಗ್ ಚೈಲ್ಡ್’ನಲ್ಲಿ ‘ಚೈಲ್ಡ್’ಗೂ ಒತ್ತು ಇರುತ್ತದೆ.

ಮರಗಳು ನಡೆದಾಗ

‘ವಾಕಿಂಗ್ ಡೌನ್ ದ ರೋಡ್, ದ ಟ್ರೀಸ್ ಲುಕ್ಡ್ ಬ್ಯೂಟಿಫುಲ್.’ ಈ ವಾಕ್ಯದಲ್ಲಿ ಏನು ತಪ್ಪು? ಕನ್ನಡದಲ್ಲಿ ಹೇಳಿದರೆ ಕಿವಿಗೇ ಗೊತ್ತಾಗುತ್ತದೆ. ‘ರಸ್ತೆಯಲ್ಲಿ ನಡೆಯುತ್ತಾ ಮರಗಳು ಚಂದ ಕಂಡವು.’ ಮರಗಳೇ ನಡೆದಂತಾಯಿತು. ‘-ತ್ತಾ’ ಬಂದರೆ ಮುಂದಿನ ಕ್ರಿಯೆಯೂ ಅದೇ ವ್ಯಕ್ತಿಯದ್ದಾಗಿರಬೇಕು ಎಂದು ಕನ್ನಡದ ಕಿವಿಗೆ ಗೊತ್ತು. ವ್ಯಕ್ತಿ ಬದಲಾದರೆ ‘ನಡೆಯುತ್ತಿರುವಾಗ’ ಎನ್ನುತ್ತೇವೆ. ಇಂಗ್ಲಿಷ್‌ನಲ್ಲೂ ಮದ್ದು ಅದೇ, ‘ಆ್ಯಸ್ ಐ ವಾಸ್ ವಾಕಿಂಗ್ ಡೌನ್ ದ ರೋಡ್’. ಇಂಥ ತಪ್ಪಿಗೆ ಡ್ಯಾಂಗ್ಲಿಂಗ್ ಪಾರ್ಟಿಸಿಪಲ್ ಎಂದು ಹೆಸರು. ತನ್ನ ಯಜಮಾನ ಸಿಗದೆ ನೇತಾಡುವ ಪದ.

‘-ತ್ತಾ’ ಇಷ್ಟು ಸಹಾಯ ಮಾಡಿದರೆ, ‘ಓದಿ’, ‘ಬಂದು’ ರೂಪದ ವಿಷಯದಲ್ಲಿ ಜಾಸ್ತಿ ಎಚ್ಚರ ಬೇಕು. ಎರಡು ಕಾರಣ. ಕನ್ನಡ ‘ಮಳೆ ಬಂದು ಆಟ ನಿಂತಿತು’ ಎನ್ನಲು ಬಿಡುತ್ತದೆ. ಬಂದದ್ದು ಮಳೆ, ನಿಂತದ್ದು ಆಟ. ಒಂದರಿಂದ ಇನ್ನೊಂದು ಆಯಿತು ಎನ್ನುವಾಗ ಕರ್ತೃ ಬದಲಾದರೂ ನಡೆಯುತ್ತದೆ. ಇದನ್ನು ಇಂಗ್ಲಿಷ್‌ಗೆ ಪಾರ್ಟಿಸಿಪಲ್ ಇಟ್ಟು ತರಲು ಹೋದರೆ ವಾಕ್ಯ ಕುಂಟುತ್ತದೆ. ‘ಇಟ್ ರೇನ್ಡ್ ಆ್ಯಂಡ್ ದ ಗೇಮ್ ಸ್ಟಾಪ್ಡ್’ ಎಂದರೆ ಸಾಕು. ಇನ್ನೊಂದು, ಕನ್ನಡಕ್ಕೆ ಈ ರೂಪಗಳ ಸರಪಣಿ ಕಟ್ಟುವುದೆಂದರೆ ಪ್ರೀತಿ. ‘ಎದ್ದು, ಮುಖ ತೊಳೆದು, ಬಟ್ಟೆ ಬದಲಾಯಿಸಿ, ಬಾಗಿಲು ಹಾಕಿಕೊಂಡು ಹೊರಟಳು.’ ಎಷ್ಟು ಸಹಜ! ಪ್ರತಿಯೊಂದಕ್ಕೂ ‘ಹ್ಯಾವಿಂಗ್’ ಹಾಕುತ್ತಾ ಹೋದರೆ ಇಂಗ್ಲಿಷ್‌ನಲ್ಲಿ ಉಸಿರು ಕಟ್ಟುತ್ತದೆ. ಅಲ್ಲಿ ಅಲ್ಪವಿರಾಮ ಇಟ್ಟು, ಮಾಮೂಲಿ ಪಾಸ್ಟ್ ಟೆನ್ಸ್‌ನಲ್ಲಿ ಸಾಲಾಗಿ ಹೇಳಿ, ಕೊನೆಯದಕ್ಕೆ ‘ಆ್ಯಂಡ್’ ಸೇರಿಸುತ್ತಾರೆ. ‘ಹ್ಯಾವಿಂಗ್’ ಬೇಕಾಗುವುದು ಒಂದು ಪೂರ್ತಿ ಮುಗಿದ ಮೇಲೆಯೇ ಇನ್ನೊಂದು ನಡೆಯಿತು ಎಂದು ಒತ್ತಿ ಹೇಳುವಾಗ ಮಾತ್ರ.

ಈ ಒಂದು ‘ಇಂಗ್’ ಬಂದದ್ದು ಎಲ್ಲಿಂದ?

ಸಾವಿರ ವರ್ಷ ಹಿಂದಿನ ಹಳೆಯ ಇಂಗ್ಲಿಷ್‌ನಲ್ಲಿ ಈ ಗೊಂದಲ ಇರಲಿಲ್ಲ. ಕ್ರಿಯೆಯಿಂದ ನಾಮಪದ ಮಾಡಲು ‘ಉಂಗ್’ ಅಥವಾ ‘ಇಂಗ್’ ಎಂಬ ಪ್ರತ್ಯಯ ಇತ್ತು. ಪಾರ್ಟಿಸಿಪಲ್ ಮಾಡಲು ‘ಎಂಡೆ’ ಎಂಬ ಬೇರೆಯೇ ಪ್ರತ್ಯಯ ಇತ್ತು. ಮುಂದಿನ ಶತಮಾನಗಳಲ್ಲಿ, ಮಧ್ಯಕಾಲದ ಇಂಗ್ಲಿಷ್‌ನಲ್ಲಿ, ಎರಡರ ಉಚ್ಚಾರ ಹತ್ತಿರ ಹತ್ತಿರ ಬಂದು ಕೊನೆಗೆ ‘ಇಂಗ್’ ಒಂದೇ ಉಳಿಯಿತು. ಇಂಗ್ಲಿಷ್‌ನ ನಂಟ ಜರ್ಮನ್‌ನಲ್ಲಿ ‘ಎಂಡ್’ ಮತ್ತು ‘ಉಂಗ್’ ಇವತ್ತಿಗೂ ಬೇರೆ ಬೇರೆಯಾಗಿವೆ.

ಹಾಗಾಗಿ ಜೆರಂಡ್ ಯಾವುದು, ಪಾರ್ಟಿಸಿಪಲ್ ಯಾವುದು ಎಂದು ಕೆಲವು ವಾಕ್ಯಗಳಲ್ಲಿ ಖಚಿತವಾಗಿ ಹೇಳಲಾಗದಿದ್ದರೆ ಅದು ಕಲಿಯುವವರ ದೋಷವಲ್ಲ. 2002ರಲ್ಲಿ ಹಡಲ್‌ಸ್ಟನ್ ಮತ್ತು ಪುಲಮ್ ಎಂಬ ವಿದ್ವಾಂಸರ ನೇತೃತ್ವದಲ್ಲಿ ಕೇಂಬ್ರಿಡ್ಜ್‌ನಿಂದ ಬಂದ ದೊಡ್ಡ ಇಂಗ್ಲಿಷ್ ವ್ಯಾಕರಣದಲ್ಲಿ ಈ ಎರಡನ್ನೂ ಸೇರಿಸಿ ‘ಜೆರಂಡ್-ಪಾರ್ಟಿಸಿಪಲ್’ ಎಂಬ ಒಂದೇ ಹೆಸರು ಕೊಟ್ಟಿದ್ದಾರೆ. ರೂಪ ಒಂದೇ ಇರುವಾಗ ಎರಡು ಹೆಸರು ಯಾಕೆ ಎಂಬುದು ಅವರ ವಾದ. ಇಂಗ್ಲಿಷ್‌ನ ಒಳಗಿಂದ ನೋಡಿದರೆ ಅದು ಸರಿಯೇ. ಆದರೆ ಕನ್ನಡದಿಂದ ಇಂಗ್ಲಿಷ್‌ಗೆ ಹೋಗುವವರಿಗೆ ಹಳೆಯ ಎರಡು ಹೆಸರು ಈಗಲೂ ಉಪಯೋಗಕ್ಕೆ ಬರುತ್ತವೆ ಎಂದು ನನಗನಿಸುತ್ತದೆ. ನಮ್ಮ ಭಾಷೆಯಲ್ಲಿ ಅವು ನಿಜವಾಗಿಯೂ ಬೇರೆ ಬೇರೆ ಇವೆ.

ಇನ್ಫಿನಿಟಿವ್, ಅದರೊಳಗಿನ ‘ಕ್ಕೆ’

‘ಐ ಕೇಮ್ ಟು ರೀಡ್’, ನಾನು ಓದಲು ಬಂದೆ. ಮಾತಿನಲ್ಲಿ ‘ಓದೋಕೆ ಬಂದೆ’. ಈ ‘ಓದೋಕೆ’ ಹುಟ್ಟಿದ್ದು ‘ಓದುವುದಕ್ಕೆ’ ಎಂಬುದರಿಂದ. ಅಂದರೆ ಒಳಗೆ ‘ಕ್ಕೆ’ ಎಂಬ ಚತುರ್ಥಿ ವಿಭಕ್ತಿ ಕೂತಿದೆ. ಇಂಗ್ಲಿಷ್‌ನ ಕತೆಯೂ ಇದೇ. ಇನ್ಫಿನಿಟಿವ್‌ನ ‘ಟು’ ಮೊದಲು ‘ಕಡೆಗೆ’ ಎಂಬ ಅರ್ಥದ ಪ್ರಿಪೊಸಿಷನ್ ಆಗಿತ್ತು. ಹಳೆಯ ಇಂಗ್ಲಿಷ್‌ನಲ್ಲಿ ಅದರ ಮುಂದೆ ಬರುವ ಕ್ರಿಯಾರೂಪಕ್ಕೆ ಚತುರ್ಥಿಯಂಥ ಪ್ರತ್ಯಯವೂ ಅಂಟುತ್ತಿತ್ತು. ಯಾವ ನಂಟೂ ಇಲ್ಲದ ಎರಡು ಭಾಷೆಗಳು ‘ಯಾವ ಕಡೆಗೆ’ ಎಂಬುದರಿಂದ ‘ಯಾತಕ್ಕೆ’ ಎಂಬಲ್ಲಿಗೆ ಒಂದೇ ದಾರಿಯಲ್ಲಿ ನಡೆದು ಬಂದಿವೆ. ನನಗೆ ಇದು ಪ್ರತಿ ಸಲವೂ ಆಶ್ಚರ್ಯ ತರುತ್ತದೆ.

‘ಟು’ ಇಲ್ಲದ ಇನ್ಫಿನಿಟಿವ್ ಕೂಡ ಇದೆ. ‘ಕ್ಯಾನ್’, ‘ಮಸ್ಟ್’, ‘ಶುಡ್’ ಥರದವು ಆದ ಮೇಲೆ, ‘ಲೆಟ್’ ಮತ್ತು ‘ಮೇಕ್’ ಆದ ಮೇಲೆ ಅದು ಬರುತ್ತದೆ. ‘ಶಿ ಮೇಡ್ ಹಿಮ್ ವೇಟ್’, ಅವಳು ಅವನನ್ನು ಕಾಯಿಸಿದಳು. ವಾಕ್ಯ ತಿರುಗಿದರೆ ‘ಟು’ ಮರಳಿ ಬರುತ್ತದೆ, ‘ಹಿ ವಾಸ್ ಮೇಡ್ ಟು ವೇಟ್’.

‘ಸೀ’, ‘ಹಿಯರ್’ ಆದ ಮೇಲೆ ಎರಡು ದಾರಿ. ‘ಐ ಸಾ ಹರ್ ಕ್ರಾಸ್ ದ ರೋಡ್’ ಅಂದರೆ ಅವಳು ರಸ್ತೆ ದಾಟಿದ್ದನ್ನು ನೋಡಿದೆ, ಈ ಬದಿಯಿಂದ ಆ ಬದಿಯವರೆಗೆ. ‘ಐ ಸಾ ಹರ್ ಕ್ರಾಸಿಂಗ್ ದ ರೋಡ್’ ಅಂದರೆ ದಾಟುತ್ತಿರುವುದನ್ನು ನೋಡಿದೆ. ಆಮೇಲೆ ಏನಾಯಿತೋ ವಾಕ್ಯ ಹೇಳುವುದಿಲ್ಲ. ‘ದಾಟಿದ್ದನ್ನು’, ‘ದಾಟುತ್ತಿರುವುದನ್ನು’. ಕನ್ನಡ ಇಲ್ಲಿ ಕನ್ನಡಿ ಹಿಡಿದಂತಿದೆ.

‘ಇಂಗ್’ ಬೇಕೋ ‘ಟು’ ಬೇಕೋ?

ಎಲ್ಲರನ್ನೂ ಕಾಡುವ ಪ್ರಶ್ನೆ ಇದೇ. ‘ವಾಂಟ್’, ‘ಹೋಪ್’, ‘ಡಿಸೈಡ್’, ‘ಪ್ಲಾನ್’, ‘ಪ್ರಾಮಿಸ್’, ‘ರೆಫ್ಯೂಸ್’ ಇವುಗಳ ನಂತರ ‘ಟು’. ‘ಎಂಜಾಯ್’, ‘ಫಿನಿಶ್’, ‘ಅವಾಯ್ಡ್’, ‘ಡಿನೈ’, ‘ಅಡ್ಮಿಟ್’, ‘ಸಜೆಸ್ಟ್’ ಇವುಗಳ ನಂತರ ‘ಇಂಗ್’. ಒಂದು ಒಲವು ಇಲ್ಲಿ ಕಾಣುತ್ತದೆ. ‘ಟು’ ತನ್ನ ಹಳೆಯ ‘ಕಡೆಗೆ’ ಅರ್ಥವನ್ನು ಪೂರ್ತಿ ಮರೆತಿಲ್ಲ. ಇನ್ನೂ ನಡೆಯದ, ಮುಂದೆ ಇರುವ ಕ್ರಿಯೆಯ ಕಡೆ ಅದು ಕೈ ತೋರಿಸುತ್ತದೆ. ‘ಇಂಗ್’ ಆಗಲೇ ನಡೆದ ಅಥವಾ ನಡೆಯುತ್ತಿರುವ ಕ್ರಿಯೆಯನ್ನು ಒಂದು ವಸ್ತುವಿನಂತೆ ಕೈಯಲ್ಲಿ ಹಿಡಿಯುತ್ತದೆ. ಮುಗಿಸಬೇಕಾದರೆ ಅದು ನಡೆಯುತ್ತಿರಬೇಕು. ಮಾಡಿಲ್ಲ ಎನ್ನಬೇಕಾದರೆ ಮಾಡಿದ್ದು ಎಂಬ ವಿಷಯ ಎದುರಿಗಿರಬೇಕು.

ಇದು ಒಲವು ಮಾತ್ರ. ‘ಅವಾಯ್ಡ್’, ‘ಸಜೆಸ್ಟ್’ ಮುಂದಿನ ಮಾತೇ ಆದರೂ ‘ಇಂಗ್’ ಬೇಡುತ್ತವೆ. ‘ಹಿ ಸಜೆಸ್ಟೆಡ್ ಟು ಗೋ’ ತಪ್ಪು, ‘ಸಜೆಸ್ಟೆಡ್ ಗೋಯಿಂಗ್’ ಸರಿ. ಇಂಥವನ್ನು ಓದುತ್ತಾ, ಕೇಳುತ್ತಾ ಕಿವಿಗೆ ಹತ್ತಿಸಿಕೊಳ್ಳಬೇಕು. ‘ಸ್ಟಾರ್ಟ್’, ‘ಬಿಗಿನ್’ ಆದ ಮೇಲೆ ಯಾವುದು ಬಂದರೂ ಅರ್ಥ ಬಹುತೇಕ ಒಂದೇ.

ಎರಡೂ ಬರಬಹುದಾದ, ಆದರೆ ಅರ್ಥವೇ ಬದಲಾಗುವ ನಾಲ್ಕೈದು ಕ್ರಿಯೆಗಳಲ್ಲಿ ಕನ್ನಡ ನಮಗೆ ದೊಡ್ಡ ಉಪಕಾರ ಮಾಡುತ್ತದೆ. ‘ಐ ರಿಮೆಂಬರ್ ಲಾಕಿಂಗ್ ದ ಡೋರ್’, ಬಾಗಿಲಿಗೆ ಬೀಗ ಹಾಕಿದ್ದು ನೆನಪಿದೆ. ‘ಐ ರಿಮೆಂಬರ್ಡ್ ಟು ಲಾಕ್ ದ ಡೋರ್’, ಮರೆಯದೆ ಬೀಗ ಹಾಕಿದೆ. ‘ಐ ಫರ್ಗಾಟ್ ಟು ಲಾಕ್’ ಅಂದರೆ ಬೀಗ ಹಾಕೋಕೆ ಮರೆತೆ. ‘ಐ ಫರ್ಗಾಟ್ ಲಾಕಿಂಗ್’ ಅಂದರೆ ಹಾಕಿದ್ದೇ ಮರೆತುಹೋಯಿತು. ಕನ್ನಡದಲ್ಲಿ ‘ಹಾಕಿದ್ದು’ ಎಂದು ‘-ದ್ದು’ ಬಂದರೆ ಇಂಗ್ಲಿಷ್‌ನಲ್ಲಿ ‘ಇಂಗ್’. ‘ಹಾಕೋಕೆ’ ಎಂದು ‘-ಓಕೆ’ ಬಂದರೆ ‘ಟು’. ನಮ್ಮ ‘ಹಾಕುವುದು’, ‘ಹಾಕಿದ್ದು’ ಎಂಬ ಜೋಡಿಯಲ್ಲಿ ಕಾಲ ಕಾಣುತ್ತದೆ. ಇಂಗ್ಲಿಷ್‌ನ ‘ಲಾಕಿಂಗ್’ನಲ್ಲಿ ಅದು ಕಾಣುವುದಿಲ್ಲ, ಹಾಗಾಗಿ ‘ಟು’ ಎದುರಿಗೆ ಇಟ್ಟು ತೋರಿಸಬೇಕಾಗಿದೆ.

‘ಸ್ಟಾಪ್’ ಕೂಡ ಹೀಗೆಯೇ. ‘ಹಿ ಸ್ಟಾಪ್ಡ್ ಟಾಕಿಂಗ್’, ಮಾತಾಡುವುದನ್ನು ನಿಲ್ಲಿಸಿದ. ‘ಹಿ ಸ್ಟಾಪ್ಡ್ ಟು ಟಾಕ್’, ಮಾತಾಡಲು ನಿಂತ. ಒಂದರಲ್ಲಿ ಮೌನ, ಇನ್ನೊಂದರಲ್ಲಿ ಮಾತು.

ಇನ್ನು ‘ಟ್ರೈ’. ಇದು ನನಗೆ ಎಲ್ಲಕ್ಕಿಂತ ಅಚ್ಚುಮೆಚ್ಚು. ‘ಐ ಟ್ರೈಡ್ ಟು ಓಪನ್ ದ ವಿಂಡೋ’, ಕಿಟಕಿ ತೆರೆಯಲು ಪ್ರಯತ್ನಿಸಿದೆ. ತೆರೆಯಿತೋ ಇಲ್ಲವೋ ಗೊತ್ತಿಲ್ಲ. ‘ಐ ಟ್ರೈಡ್ ಓಪನಿಂಗ್ ದ ವಿಂಡೋ’ ಅಂದರೆ ಸೆಕೆ ಕಡಿಮೆಯಾಗುತ್ತದಾ ಅಂತ ಕಿಟಕಿ ತೆರೆದೆ. ತೆರೆಯುವುದೇನೂ ಕಷ್ಟವಿರಲಿಲ್ಲ. ಫಲ ಏನು ಅಂತ ನೋಡಬೇಕಿತ್ತು. ಇದನ್ನು ಪುಸ್ತಕಗಳು ಉದ್ದಕ್ಕೆ ವಿವರಿಸುತ್ತವೆ. ಕನ್ನಡದಲ್ಲಿ ಎರಡು ಪದ ಸಾಕು: ‘ತೆರೆದು ನೋಡಿದೆ’. ‘ಟ್ರೈ ಪ್ರೆಸ್ಸಿಂಗ್ ದಿಸ್ ಬಟನ್’, ಈ ಬಟನ್ ಒತ್ತಿ ನೋಡು. ‘ಟ್ರೈ ಆಸ್ಕಿಂಗ್ ಹರ್’, ಅವಳನ್ನು ಕೇಳಿ ನೋಡು. ‘-ಇ ನೋಡು’ ಎಂದು ನಾಲಿಗೆಗೆ ಬಂದರೆ ಇಂಗ್ಲಿಷ್‌ನಲ್ಲಿ ‘ಇಂಗ್’ ಹಾಕಿ.

ಈಗ ಎಲ್ಲ ಒಟ್ಟಿಗೆ ಇರುವ ಒಂದು ವಾಕ್ಯವನ್ನು ಬಿಡಿಸೋಣ. ‘ಹ್ಯಾವಿಂಗ್ ಲಾಸ್ಟ್ ದ ಕೀ, ಶಿ ಸ್ಟುಡ್ ಬೈ ದ ಲಾಕ್ಡ್ ಡೋರ್, ಟ್ರೈಯಿಂಗ್ ಟು ಓಪನ್ ಇಟ್ ವಿದೌಟ್ ವೇಕಿಂಗ್ ದ ಸ್ಲೀಪಿಂಗ್ ಚೈಲ್ಡ್.’

‘ಹ್ಯಾವಿಂಗ್ ಲಾಸ್ಟ್’, ಕಳೆದುಕೊಂಡು. ಪಾರ್ಟಿಸಿಪಲ್, ಮೊದಲೇ ಮುಗಿದ ಕ್ರಿಯೆ. ‘ಲಾಕ್ಡ್’, ಬೀಗ ಹಾಕಿದ. ಪಾಸ್ಟ್ ಪಾರ್ಟಿಸಿಪಲ್, ಬೀಗ ಬಿದ್ದದ್ದು ಬಾಗಿಲಿಗೆ. ‘ಟ್ರೈಯಿಂಗ್’, ಪ್ರಯತ್ನಿಸುತ್ತಾ. ಪ್ರೆಸೆಂಟ್ ಪಾರ್ಟಿಸಿಪಲ್, ನಿಂತವಳೂ ಪ್ರಯತ್ನಿಸುವವಳೂ ಒಬ್ಬಳೇ, ಹಾಗಾಗಿ ನೇತಾಡುತ್ತಿಲ್ಲ. ‘ಟು ಓಪನ್’, ತೆರೆಯಲು. ಇನ್ಫಿನಿಟಿವ್, ಬಾಗಿಲು ಇನ್ನೂ ತೆರೆದಿಲ್ಲ. ‘ವೇಕಿಂಗ್’, ಹಿಂದೆ ‘ವಿದೌಟ್’ ಇದೆ, ಆದ್ದರಿಂದ ಜೆರಂಡ್. ಕನ್ನಡದಲ್ಲಿ ಎರಡೂ ಸೇರಿ ‘ಎಬ್ಬಿಸದೆ’. ‘ಸ್ಲೀಪಿಂಗ್’, ಮಲಗಿರುವ. ಮಗುವೇ ಮಲಗಿದೆ, ಪಾರ್ಟಿಸಿಪಲ್.

ಕನ್ನಡದಲ್ಲಿ ಇಡೀ ವಾಕ್ಯ ಹೀಗಾಗುತ್ತದೆ. ಕೀ ಕಳೆದುಕೊಂಡು, ಮಲಗಿರುವ ಮಗುವನ್ನು ಎಬ್ಬಿಸದೆ ಬಾಗಿಲು ತೆರೆಯಲು ಪ್ರಯತ್ನಿಸುತ್ತಾ, ಬೀಗ ಹಾಕಿದ ಆ ಬಾಗಿಲ ಬಳಿ ನಿಂತಳು. ಇಷ್ಟೊಂದು ಕ್ರಿಯೆಗಳಲ್ಲಿ ಯಾರು, ಯಾವಾಗ ಎಂದು ಹೇಳಿ ವಾಕ್ಯ ಮುಗಿಸಿದ್ದು ‘ನಿಂತಳು’ ಒಂದೇ. ಇಂಗ್ಲಿಷ್‌ನಲ್ಲಿ ಆ ಕೆಲಸ ಮಾಡಿದ್ದು ‘ಸ್ಟುಡ್’.